ಕ್ಲಾರಾ ರಾಕ್‌ಮೋರ್ ಅವರಿಗೆ ಧಾರವಾಡದಲ್ಲಿ ಸ್ವರನಮನ: ಥೆರೆಮಿನ್ ಮೇಲೆ ಏನು ನುಡಿಸಬೇಕು?

ಮಾಳಮಡ್ಡಿ_ಶ್ರೋತೃ

ಮೇ 10 ಥೆರೆಮಿನ್ ವಾದಕಿ ಕ್ಲಾರಾ ರಾಕ್‌ಮೋರ್ ಅವರ ಪುಣ್ಯತಿಥಿ. 1998ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಆ ಸಂಜೆ ಆರಕ್ಕೆ ಧಾರವಾಡದಲ್ಲಿ ಚಿಕ್ಕದೊಂದು ಬೈಠಕ್ ಮಾಡೋಣವೆಂದು ನಾವು ಕೆಲವರು ನಿಶ್ಚಯಿಸಿದ್ದೇವೆ. ಹುಬ್ಬಳ್ಳಿಯ ಗೆಳೆಯರೊಬ್ಬರ ಬಳಿ ಥೆರೆಮಿನ್ ವಾದ್ಯವಿದೆ, ತಕ್ಕಮಟ್ಟಿಗೆ ನುಡಿಸುತ್ತಾರೆ. ಅದರ ಮೇಲೆ ಏನು ನುಡಿಸಬೇಕೆಂಬುದೇ ಪ್ರಶ್ನೆ.

ಹೆಸರು ಕೇಳದವರಿಗಾಗಿ ಸ್ವಲ್ಪ ಹೇಳುತ್ತೇನೆ. ಥೆರೆಮಿನ್‌ಗೆ ತಂತಿಯಿಲ್ಲ, ಮನೆಗಳಿಲ್ಲ, ಊದುವ ರಂಧ್ರವಿಲ್ಲ. ಒಂದು ಪೆಟ್ಟಿಗೆ, ಅದರ ಬಲಕ್ಕೆ ನೆಟ್ಟಗೆ ನಿಂತ ಲೋಹದ ಕಡ್ಡಿ, ಎಡಕ್ಕೆ ಅಡ್ಡಲಾಗಿ ಚಾಚಿದ ಬಳೆಯಂಥ ಸರಳು. ಬಲಗೈ ಕಡ್ಡಿಯ ಹತ್ತಿರ ಹೋದಂತೆ ಸ್ವರ ಏರುತ್ತದೆ, ಎಡಗೈ ಬಳೆಯಿಂದ ಮೇಲೆದ್ದಂತೆ ದನಿ ದೊಡ್ಡದಾಗುತ್ತದೆ. ವಾದಕರು ಏನನ್ನೂ ಮುಟ್ಟುವುದಿಲ್ಲ. ರಷ್ಯಾದ ಲೆವ್ ಥೆರೆಮಿನ್ ಇದನ್ನು 1920ರ ಸುಮಾರಿಗೆ ಕಂಡುಹಿಡಿದರು. 1928ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆರ್‌ಸಿಎ ಕಂಪನಿ ಸುಮಾರು 500 ವಾದ್ಯಗಳನ್ನು ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ಕೈಯಾಡಿಸಿದರೆ ಸಾಕು, ಯಾರು ಬೇಕಾದರೂ ನುಡಿಸಬಹುದೆಂದು ಜಾಹೀರಾತು ಮಾಡಿದರು. ಮನೆಗೆ ತಂದವರಿಗೆ ಅಷ್ಟು ಸುಲಭವಲ್ಲವೆಂದು ಬೇಗ ತಿಳಿಯಿತು.

ಕ್ಲಾರಾ ಹುಟ್ಟಿದ್ದು 1911ರಲ್ಲಿ, ವಿಲ್ನಿಯಸ್‌ನಲ್ಲಿ. ನಾಲ್ಕೈದು ವರ್ಷದ ಮಗುವಾಗಿದ್ದಾಗಲೇ ಸೇಂಟ್ ಪೀಟರ್ಸ್‌ಬರ್ಗ್ ಸಂಗೀತ ವಿದ್ಯಾಲಯಕ್ಕೆ ಪಿಟೀಲು ವಿದ್ಯಾರ್ಥಿನಿಯಾಗಿ ಸೇರಿದರು. ಹೆಸರಾಂತ ಪಿಟೀಲುವಾದಕ ಹೈಫೆಟ್ಸ್ ಅವರ ಗುರು ಲಿಯೊಪೋಲ್ಡ್ ಔಯರ್ ಅವರೇ ಇವರಿಗೂ ಗುರು. ಕ್ರಾಂತಿಯ ನಂತರ ಕುಟುಂಬ ರಷ್ಯಾ ಬಿಟ್ಟು ಅಮೆರಿಕ ಸೇರಿತು. ಬಾಲ್ಯದಲ್ಲಿ ಹೊಟ್ಟೆಗೆ ಸರಿಯಾಗಿ ಸಿಗದ ಕಾರಣ ಮೂಳೆಗಳು ಬಲಹೀನವಾಗಿದ್ದವು. ಹದಿಹರೆಯದಲ್ಲಿ ಕಮಾನು ಹಿಡಿಯುವ ತೋಳು ಸೋತು, ಪಿಟೀಲು ಬಿಡಬೇಕಾಯಿತು. ಆಗ ಕೈಗೆ ಸಿಕ್ಕಿದ್ದು, ಕೈಯಲ್ಲಿ ಹಿಡಿಯುವ ಅಗತ್ಯವೇ ಇಲ್ಲದ ಈ ವಾದ್ಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬೈಠಕ್ ಜಾದೂ ಪ್ರದರ್ಶನ ಆಗಕೂಡದು. "ನೋಡಿ, ಮುಟ್ಟದೆಯೇ ಸದ್ದು ಬರುತ್ತದೆ" ಎಂದು ಬೆರಗು ಹುಟ್ಟಿಸುವುದಕ್ಕೆ ಐದು ನಿಮಿಷ ಸಾಕು. ಕ್ಲಾರಾ ಜೀವನವಿಡೀ ದುಡಿದದ್ದು ಆ ಬೆರಗಿನಿಂದ ಜನರನ್ನು ಆಚೆ ಕರೆದೊಯ್ದು ಸಂಗೀತ ಕೇಳಿಸುವುದಕ್ಕೆ. ಸಿನಿಮಾದವರು ಥೆರೆಮಿನ್ ಅನ್ನು ಹುಚ್ಚಿನ ದೃಶ್ಯಕ್ಕೂ ಹಾರುವ ತಟ್ಟೆಗಳಿಗೂ ಬಳಸಿದರು. ಕ್ಲಾರಾ ಪಿಟೀಲು, ಸೆಲ್ಲೊ ಮತ್ತು ಕಂಠಕ್ಕಾಗಿ ಬರೆದ ಕೃತಿಗಳನ್ನು ಅದರಲ್ಲಿ ನುಡಿಸಿದರು, ಅದೂ ಶ್ರುತಿ ಕೂದಲೆಳೆಯಷ್ಟೂ ಕದಲದಂತೆ. ಅವರಿಗೆ ನಮನ ಸಲ್ಲಿಸುವುದಾದರೆ ಶ್ರುತಿಯಿಂದಲೇ ಸಲ್ಲಿಸಬೇಕು.

ನಿಮ್ಮ ಸಲಹೆ ಬರೆಯಿರಿ.

ಸಪ್ತಾಪುರ_ಸಿತಾರ

ಉದ್ದೇಶ ಒಳ್ಳೆಯದು, ಒಪ್ಪುತ್ತೇನೆ. ಆದರೆ ಒಂದು ಮಾತು ಕೇಳಲೇಬೇಕು. ಸಿತಾರರತ್ನ ರಹಿಮತ್ ಖಾನರು ಬಾಳಿದ ಊರಿದು. ಅವರ ಮೊಮ್ಮಗ ಬಾಲೇಖಾನರು 2007ರವರೆಗೂ ನಮ್ಮ ನಡುವೆಯೇ ಇದ್ದರು. ಇವತ್ತಿನ ಹುಡುಗರಿಗೆ ಆ ಹೆಸರುಗಳೇ ಗೊತ್ತಿಲ್ಲ. ಹೀಗಿರುವಾಗ ಧಾರವಾಡವನ್ನು ಕಂಡೇ ಇಲ್ಲದ, ನಮ್ಮ ರಾಗದ ಪರಿಚಯವಿಲ್ಲದ ವಾದಕಿಗೆ ಇಲ್ಲಿ ಬೈಠಕ್ ಏಕೆ? ಕೋಪದಿಂದ ಬರೆಯುತ್ತಿಲ್ಲ, ಸಂಕಟದಿಂದ ಬರೆಯುತ್ತಿದ್ದೇನೆ.

ಉಣಕಲ್_ಗಾಯಕಿ

ಸಿತಾರದವರೇ, ನಿಮ್ಮ ಸಂಕಟ ನನ್ನದೂ ಹೌದು. ಆದರೆ ಕ್ಲಾರಾ ಅವರ ಕಥೆ ಓದಿದಾಗ ನನಗೆ ಮೊದಲು ನೆನಪಾದವರು ಗಂಗೂಬಾಯಿ ಹಾನಗಲ್ಲರು. ಬಾಯಿಯವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ, ಮೊದಲಿದ್ದ ಎಳೆಯ ದನಿ ಹೋಗಿ ಗಂಡುದನಿ ಬಂತು. ಮುಗಿಯಿತು ಎಂದು ತಂಬೂರಿ ಕೆಳಗಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಆ ದನಿಯನ್ನೇ ಹಿಡಿದು ಸಾಧನೆ ಮಾಡಿದರು. ಮಂದ್ರದಲ್ಲಿ, ಅಂದರೆ ಕೆಳಗಿನ ಸಪ್ತಕದಲ್ಲಿ, ಅವರು ನಿಂತ ಜಾಗದಲ್ಲಿ ಇನ್ನೊಬ್ಬರು ನಿಲ್ಲುವುದು ಕಷ್ಟ. ಕ್ಲಾರಾ ಅವರದೂ ಅದೇ ಛಲ. ಕಳೆದುಕೊಂಡ ಪಿಟೀಲಿನ ಸ್ವರಜ್ಞಾನವನ್ನೆಲ್ಲ ಗಾಳಿಗೆ ತಂದರು. ಇಂಥ ಹೆಣ್ಣುಮಗಳಿಗೆ ನಮ್ಮ ಊರಲ್ಲಿ ಒಂದು ಸಂಜೆ ಕೊಟ್ಟರೆ ನಮ್ಮ ಹಿರಿಯರಿಗೇನೂ ಕಡಿಮೆಯಾಗದು. ಬಾಲೇಖಾನರ ನೆನಪಿಗೆ ನೀವೊಂದು ದಿನ ಗೊತ್ತುಮಾಡಿ, ಜಮಖಾನೆ ಹಾಸುವುದರಿಂದ ಹಿಡಿದು ಎಲ್ಲಕ್ಕೂ ನಾನು ಬರುತ್ತೇನೆ.

ಸಪ್ತಾಪುರ_ಸಿತಾರ

ಅಕ್ಕಾವರೇ, ಮಾತು ಕೊಟ್ಟಿದ್ದೀರಿ, ಬರೆದಿಟ್ಟುಕೊಂಡಿದ್ದೇನೆ. ಬೈಠಕ್‌ಗೂ ಬರುತ್ತೇನೆ. ಆದರೆ ರಾಗದ ವಿಷಯದಲ್ಲಿ ಮುಂದೆ ತಕರಾರು ಇದ್ದೇ ಇದೆ.

ವಿದ್ಯಾನಗರ_ಎಲೆಕ್ಟ್ರಾನಿಕ್ಸ್

ಶ್ರೋತೃಗಳು ಹೇಳಿದ ವಾದ್ಯ ನನ್ನದೇ. ಕಿಟ್ ತರಿಸಿ ಜೋಡಿಸಿಕೊಂಡಿದ್ದು. ಒಳಗೆ ಏನು ನಡೆಯುತ್ತದೆಂದು ಸಂಗೀತದವರಿಗೆ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ.

ತಂಬೂರಿಯ ಜೋಡಿ ತಂತಿಗಳನ್ನು ಕೂಡಿಸುವಾಗ, ಎರಡೂ ಇನ್ನೂ ಪೂರ್ತಿ ಸೇರದಿದ್ದರೆ ನಾದ ಅಲೆಯಲೆಯಾಗಿ ಏಳುತ್ತ ಬೀಳುತ್ತ ಇರುತ್ತದಲ್ಲವೇ? ತಂತಿಗಳು ಹತ್ತಿರವಾದಂತೆ ಆ ಅಲೆ ನಿಧಾನವಾಗುತ್ತದೆ, ಸೇರಿದ ಕ್ಷಣ ನಿಂತುಬಿಡುತ್ತದೆ. ಎರಡು ಕಂಪನಗಳ ವ್ಯತ್ಯಾಸವೇ ಆ ಅಲೆ. ಥೆರೆಮಿನ್ ಕೆಲಸ ಮಾಡುವುದು ಈ ತತ್ತ್ವದಲ್ಲೇ. ಒಳಗೆ ಎರಡು ಆಂದೋಲಕಗಳಿವೆ. ಎರಡೂ ಕಿವಿಗೆ ನಿಲುಕದಷ್ಟು ವೇಗವಾಗಿ ಕಂಪಿಸುತ್ತವೆ. ಉದಾಹರಣೆಗೆ ಒಂದು ಸೆಕೆಂಡಿಗೆ 3,00,000 ಸಲ, ಇನ್ನೊಂದು 2,99,560 ಸಲ ಎಂದಿಟ್ಟುಕೊಳ್ಳಿ. ವ್ಯತ್ಯಾಸ 440. ಆ 440 ಮಾತ್ರ ಸ್ಪೀಕರ್‌ನಲ್ಲಿ ಸ್ವರವಾಗಿ ಕೇಳುತ್ತದೆ. ಮೊದಲನೆಯ ಆಂದೋಲಕ ಸ್ಥಿರ. ಎರಡನೆಯದು ಕಡ್ಡಿಗೆ ಜೋಡಣೆಯಾಗಿದೆ. ನಿಮ್ಮ ಕೈ ಕಡ್ಡಿಯ ಹತ್ತಿರ ಬಂದಾಗ ಕೈ ಮತ್ತು ಕಡ್ಡಿಯ ನಡುವಿನ ವಿದ್ಯುತ್ ಧಾರಕತೆ (ವಿದ್ಯುದಾವೇಶ ಹಿಡಿದಿಡುವ ಗುಣ) ಎಳ್ಳಿನಷ್ಟು ಹೆಚ್ಚುತ್ತದೆ, ಅದರ ಕಂಪನ ಇಳಿಯುತ್ತದೆ, ವ್ಯತ್ಯಾಸ ಹೆಚ್ಚಿ ಸ್ವರ ಏರುತ್ತದೆ.

ಇದರಿಂದ ಎರಡು ತೊಂದರೆಗಳು. ಕಡ್ಡಿಗೆ ತೀರ ಹತ್ತಿರವಾದರೆ ಸ್ವರಗಳ ನಡುವಿನ ಅಂತರ ಕಿರಿದಾಗುತ್ತದೆ. ಮಂದ್ರದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಕೈ ಸಾಕಷ್ಟು ದೂರ ಹೋಗಬೇಕು, ತಾರದಲ್ಲಿ, ಅಂದರೆ ಮೇಲಿನ ಸಪ್ತಕದಲ್ಲಿ, ಬೆರಳು ಅಲುಗಿದರೂ ಸ್ವರ ತಪ್ಪುತ್ತದೆ. ಎರಡನೆಯದು, ಕೈಯಷ್ಟೇ ಅಲ್ಲ, ಇಡೀ ದೇಹವೇ ಈ ಲೆಕ್ಕದೊಳಗಿದೆ. ವಾದಕ ಮೈ ತೂಗಿದರೆ, ಪಕ್ಕದಲ್ಲಿ ಕುಳಿತವರು ಮುಂದೆ ಬಾಗಿದರೆ, ಸ್ವರ ಸರಿಯುತ್ತದೆ. ನಮ್ಮ ಬೈಠಕ್‌ಗಳಲ್ಲಿ ಮುಂದಿನ ಸಾಲಿನವರು ಕೈಯೆತ್ತಿ "ವಾಹ್" ಎನ್ನುತ್ತಾರಲ್ಲ, ಅವರನ್ನು ಮೊದಲು ಹಿಂದಕ್ಕೆ ಕೂರಿಸಬೇಕು.

ಇನ್ನೊಂದು ಸೂಚನೆ. ಅಲ್ಟ್ರಾಸಾನಿಕ್ ಸಂವೇದಕವನ್ನು ಆರ್ಡುಯಿನೊ ಎಂಬ ಚಿಕ್ಕ ಸರ್ಕ್ಯೂಟ್ ಹಲಗೆಗೆ ಜೋಡಿಸಿ ಥೆರೆಮಿನ್ ಎಂದು ವಸ್ತುಪ್ರದರ್ಶನಗಳಲ್ಲಿ ಇಡುತ್ತಾರೆ. ಹುಡುಗರ ಉತ್ಸಾಹಕ್ಕೆ ಬೆಲೆ ಕೊಡೋಣ, ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಸ್ವರ ಹೊರಡಿಸುವ ಬೇರೆಯೇ ಯಂತ್ರ. ದಯವಿಟ್ಟು ಅದನ್ನು ತರಬೇಡಿ.

ಹಾವೇರಿ_ಪಿಟೀಲು

ಮೇಲಿನವರು ಹೇಳಿದ್ದನ್ನು ಓದಿದ ಮೇಲೆ ಕ್ಲಾರಾ ಮಾಡಿದ್ದು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಪಿಟೀಲಿನಲ್ಲಿ ಮನೆಗಳಿಲ್ಲ, ನಿಜ. ಆದರೆ ನಮಗೆ ಬೆರಳಡಿಗೆ ಹಲಗೆಯಾದರೂ ಇದೆ, ಅಂಗೈಗೆ ದಂಡಿ ತಾಗುತ್ತದೆ, ಮೇಲಿನ ಷಡ್ಜಕ್ಕೆ ಕೈ ಎಲ್ಲಿಗೆ ಸರಿಯಬೇಕೆಂದು ಹೆಬ್ಬೆರಳೇ ಹೇಳುತ್ತದೆ. ಗಾಳಿಯಲ್ಲಿ ಇದಾವುದೂ ಇಲ್ಲ.

ಅವರು ಕಂಡುಕೊಂಡ ದಾರಿಯನ್ನು ದೃಶ್ಯಮುದ್ರಿಕೆಗಳಲ್ಲಿ ಗಮನಿಸಿ ನೋಡಿ. ಹೊಸಬರು ಇಡೀ ತೋಳನ್ನು ಹಿಂದೆಮುಂದೆ ಆಡಿಸುತ್ತ ಸ್ವರ ಹುಡುಕುತ್ತಾರೆ. ಕ್ಲಾರಾ ಅವರ ತೋಳು ಒಂದೆಡೆ ನಿಂತಿರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸೇರಿರುತ್ತವೆ. ಅಲ್ಲಿಂದ ಮುಷ್ಟಿ ಬಿಚ್ಚಿದಂತೆ ಬೆರಳುಗಳು ಕಡ್ಡಿಯತ್ತ ಚಾಚಿಕೊಳ್ಳುತ್ತವೆ, ಒಂದೊಂದು ಚಾಚಿಗೆ ಒಂದೊಂದು ಸ್ವರಾಂತರ. ಇದಕ್ಕೆ ವಾಯುವಿನಲ್ಲಿ ಬೆರಳುಗಾರಿಕೆ ಎಂದೇ ಹೆಸರಾಯಿತು. ಪಿಟೀಲಿನ ಶಿಸ್ತು ಇಲ್ಲದಿದ್ದರೆ ಈ ಯೋಚನೆಯೇ ಹೊಳೆಯುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಎಡಗೈಯ ಕೆಲಸವನ್ನು ಯಾರೂ ಹೊಗಳುವುದಿಲ್ಲ. ಥೆರೆಮಿನ್‌ನಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವಾಗ ನಡುವಿನದೆಲ್ಲ ಕೇಳಿಸುತ್ತದೆ. ಬಿಡಿಸ್ವರ ಬೇಕೆಂದರೆ ಬಲಗೈ ಸರಿಯುವ ಆ ಗಳಿಗೆಯಲ್ಲಿ ಎಡಗೈ ಇಳಿದು ದನಿ ಮುಚ್ಚಬೇಕು, ಕೂಡಲೇ ಮೇಲೇಳಬೇಕು. ಅಂದರೆ ಕಮಾನಿನ ಕೆಲಸ ಎಡಗೈಯದು. ಕ್ಲಾರಾ ಈ ಬಗ್ಗೆ ಎಷ್ಟು ಹಟ ಹಿಡಿದರೆಂದರೆ, ಥೆರೆಮಿನ್ ಅವರು ಕ್ಲಾರಾಗಾಗಿ ಮಾಡಿಕೊಟ್ಟ ವಾದ್ಯದಲ್ಲಿ ಎಡಗೈಗೆ ದನಿ ತಕ್ಷಣ ಸ್ಪಂದಿಸುವಂತೆ ಬದಲಾವಣೆ ಮಾಡಬೇಕಾಯಿತು. ಮೂರು ಸಪ್ತಕದ ವ್ಯಾಪ್ತಿಯನ್ನು ಐದಕ್ಕೆ ಏರಿಸಿದರು. ವಾದಕಿ ಪೆಟ್ಟಿಗೆಯ ಹಿಂದೆ ಮರೆಯಾಗದಂತೆ ಎತ್ತರವನ್ನೂ ತಗ್ಗಿಸಿದರು. ವಾದ್ಯ ಕಂಡುಹಿಡಿದವರಿಗೆ ವಾದ್ಯ ಹೇಗಿರಬೇಕೆಂದು ಹೇಳಿಕೊಟ್ಟ ಶಿಷ್ಯೆ ಅವರು.

ಹಾಗಾಗಿ ನನ್ನ ಮತ ಸ್ಪಷ್ಟ: ಅವರು ನುಡಿಸಿದ ಕೃತಿಗಳನ್ನೇ ನುಡಿಸೋಣ. ರಾಖ್ಮನಿನೋವ್‌ರ ಶಬ್ದವಿಲ್ಲದ ಹಾಡು 'ವೋಕಲೀಸ್', ಸಾಂ-ಸಾನ್ಸ್‌ರ 'ಹಂಸ'. ಪಿಟೀಲಿನಲ್ಲಿ ನಾನು ಜೊತೆಗೆ ನಿಲ್ಲುತ್ತೇನೆ.

ಗದಗ_ಹಾರ್ಮೋನಿಯಂ

ಯಂತ್ರವಾದ್ಯವೆಂದು ಮೂಗು ಮುರಿಯುವವರು ಬರುತ್ತಾರೆ, ಸಿದ್ಧರಾಗಿರಿ. ಹಾರ್ಮೋನಿಯಂ ನುಡಿಸುವವರಿಗೆ ಆ ನೋವು ಗೊತ್ತು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ನಮ್ಮ ವಾದ್ಯಕ್ಕೆ ನಿಷೇಧವಿತ್ತು. ಮೀಂಡ್ (ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರುವುದು) ಬರುವುದಿಲ್ಲ, ಶ್ರುತಿಸೂಕ್ಷ್ಮ ಬರುವುದಿಲ್ಲ ಎಂಬುದು ಆಕ್ಷೇಪ. ಅದೇ ಹೊತ್ತಿನಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ, ಪಿಟೀಲು, ತಬಲಾ ಎಲ್ಲವನ್ನೂ ಕಲಿಸುತ್ತಿದ್ದರು. ಥೆರೆಮಿನ್‌ಗೆ ನಮ್ಮ ವಾದ್ಯದ ದೋಷ ಇಲ್ಲ. ಅದಕ್ಕೆ ಇರುವುದು ಉಲ್ಟಾ ಸಮಸ್ಯೆ, ಮೀಂಡ್ ಬಿಟ್ಟು ಬೇರೇನೂ ಸುಲಭವಾಗಿ ಬರುವುದಿಲ್ಲ.

ಪುಣ್ಯಾಶ್ರಮದ ಹೆಸರು ಸುಮ್ಮನೆ ತೆಗೆಯಲಿಲ್ಲ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು, ಅವರ ಶಿಷ್ಯರಲ್ಲಿ ಎಷ್ಟೋ ಮಂದಿ ಹಾಗೆಯೇ. ಥೆರೆಮಿನ್ ಮುಂದೆ ನಿಂತರೆ ಕಣ್ಣಿದ್ದವರಿಗೂ ನೋಡಲು ಏನಿದೆ? ಗಾಳಿಯಲ್ಲಿ ಗುರುತು ಇಲ್ಲ. ಕಿವಿಯೊಂದೇ ಆಸರೆ. ಬೈಠಕ್‌ಗೆ ಆಶ್ರಮದ ಹಳೆಯ ವಿದ್ಯಾರ್ಥಿಗಳನ್ನು ಕರೆಯಿರಿ, ವಾದ್ಯದ ಮುಂದೆ ನಿಲ್ಲಿಸಿ. ಕಿವಿಯನ್ನೇ ನಂಬಿ ಬೆಳೆದವರ ಕೈಯಲ್ಲಿ ಷಡ್ಜ ಹೇಗೆ ನಿಲ್ಲುತ್ತದೆ ಎಂದು ಕೇಳುವ ಆಸೆ ನನಗಿದೆ. ಅವರಿಗೆ ಕನಿಕರದಿಂದ ಐದು ನಿಮಿಷ ಕೊಡುವುದು ಬೇಡ, ಕಲಾವಿದರೆಂದು ಕರೆಯುವುದಾದರೆ ಮಾತ್ರ ಕರೆಯಿರಿ.

ಮಾಳಮಡ್ಡಿ_ಶ್ರೋತೃ

ಹಾರ್ಮೋನಿಯಂನವರೇ, ಈ ಮಾತು ನನಗೆ ಹೊಳೆದಿರಲಿಲ್ಲ. ಖಂಡಿತ ಕರೆಯೋಣ. ಒಂದು ವಾರ ಮೊದಲೇ ವಾದ್ಯವನ್ನು ಗದಗಿಗೆ ಒಯ್ದು ಅವರ ಕೈಗೆ ಕೊಡಬೇಕು, ಬೈಠಕ್ ದಿನವೇ ಮೊದಲ ಸಲ ನಿಲ್ಲಿಸುವುದು ನ್ಯಾಯವಲ್ಲ.

ಪಿಟೀಲಿನವರೇ, ನಿಮ್ಮ ವಾದಕ್ಕೆ ಬಲವಿದೆ. ಆದರೆ ಅವರ ಕೃತಿಗಳನ್ನು ಅವರಿಗಿಂತ ಚೆನ್ನಾಗಿ ನಾವು ನುಡಿಸಲಾರೆವು. 1977ರ ಧ್ವನಿಮುದ್ರಿಕೆ ಇದೆ, ಪಿಯಾನೊದಲ್ಲಿ ಅಕ್ಕ ನಾದಿಯಾ ರೈಸೆನ್‌ಬರ್ಗ್. ಅದನ್ನು ಮಾಡಿಸಿದವರು ಸಿಂಥಸೈಜರ್‌ನಿಂದ ಹೆಸರಾದ ರಾಬರ್ಟ್ ಮೂಗ್, ಹುಡುಗನಾಗಿದ್ದಾಗ ಥೆರೆಮಿನ್ ಮಾಡುತ್ತಲೇ ಎಲೆಕ್ಟ್ರಾನಿಕ್ ವಾದ್ಯಗಳ ದಾರಿಗೆ ಬಂದವರು. ಆ ಹೊತ್ತಿಗೆ ಕ್ಲಾರಾ ಅವರಿಗೆ 66. 1934ರಲ್ಲಿ ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ಕಛೇರಿ ಮಾಡಿದ, ಗಾಯಕ ಪಾಲ್ ರೋಬ್ಸನ್ ಜೊತೆ ಅಮೆರಿಕವಿಡೀ ತಿರುಗಿದ, 1945ರಲ್ಲಿ ಸ್ಟೊಕೊವ್ಸ್ಕಿ ನಿರ್ದೇಶನದಲ್ಲಿ ವಾದ್ಯವೃಂದದೊಂದಿಗೆ ಫುಲೈಹಾನ್‌ರ ಥೆರೆಮಿನ್ ಕಾನ್ಸರ್ಟೊ ಮೊದಲ ಬಾರಿಗೆ ನುಡಿಸಿದ ಕಲಾವಿದೆಯ ಮುದ್ರಣ ಅಷ್ಟು ತಡವಾಗಿ ಬಂತು. ಆ ಮುದ್ರಿಕೆಯನ್ನೇ ಒಳ್ಳೆಯ ಸ್ಪೀಕರ್‌ನಲ್ಲಿ ದೀಪ ತಗ್ಗಿಸಿ ಎಲ್ಲರೂ ಕೂಡಿ ಕೇಳೋಣ. ಆಮೇಲೆ ನಾವು ನಮ್ಮದನ್ನು ಕೊಡೋಣ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಬರುವವರು ತಮ್ಮ ತಮ್ಮ ಹಾಡುಗಾರಿಕೆಯನ್ನೇ ಅರ್ಪಿಸುತ್ತಾರೆ. ಗುರುವಿನ ಹಾಡನ್ನು ಹಾಗೆಯೇ ಒಪ್ಪಿಸಬೇಕೆಂದು ಯಾರೂ ಕೇಳುವುದಿಲ್ಲ.

ಉಣಕಲ್_ಗಾಯಕಿ

ಹಾಗಾದರೆ ರಾಗದ ಮಾತಿಗೆ ಬರೋಣ. ನಾನು ಹಿಂದೂಸ್ತಾನಿ ಗಾಯನದ ಕಿರಾನಾ ಪದ್ಧತಿಯಲ್ಲಿ ಕಲಿಯುತ್ತಿರುವವಳು. ನಮ್ಮಲ್ಲಿ ಸ್ವರದ ಲಗಾವ್, ಅಂದರೆ ಸ್ವರ ಹಚ್ಚುವ ರೀತಿ ಮುಖ್ಯ, ಒಂದೊಂದೇ ಸ್ವರವನ್ನು ಹಿಡಿದು ಬೆಳೆಸುತ್ತ ಹೋಗಬೇಕು. ಮೇಲ್ನೋಟಕ್ಕೆ ಥೆರೆಮಿನ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಅಂತರ್ಜಾಲದಲ್ಲಿ ಥೆರೆಮಿನ್ ಮೇಲೆ ರಾಗವೆಂದು ಹಾಕಿರುವ ಕೆಲವನ್ನು ಕೇಳಿದೆ. ಎಲ್ಲವೂ ಜಾರಿಕೆ. ಜಾರುವುದೆಲ್ಲ ಮೀಂಡ್ ಅಲ್ಲ. ಮೀಂಡ್‌ಗೆ ಹೊರಡುವ ಮನೆಯೂ ಸೇರುವ ಮನೆಯೂ ಇವೆ, ನಡುವೆ ಯಾವ ಸ್ವರವನ್ನು ತಾಗಬೇಕು, ಯಾವುದನ್ನು ತಾಗಬಾರದು ಎಂಬುದನ್ನು ರಾಗ ಹೇಳುತ್ತದೆ. ದರ್ಬಾರಿ ರಾಗದ ಗಾಂಧಾರದ ಆಂದೋಲನವನ್ನೇ ತೆಗೆದುಕೊಳ್ಳಿ. ಅದು ಕೈ ನಡುಗಿಸುವುದಲ್ಲ. ರಿಷಭದ ಕಡೆ ವಾಲುತ್ತ, ನಿಧಾನವಾಗಿ, ತೂಕದಿಂದ ತೂಗುವ ಗಾಂಧಾರ.

ಕ್ಲಾರಾ ಅವರ ನುಡಿಸಾಣಿಕೆಯಲ್ಲಿ ಪ್ರತಿ ಉದ್ದ ಸ್ವರಕ್ಕೂ ಪಿಟೀಲಿನಂತೆ ಹಿತವಾದ ಕಂಪನ ಇದೆ. ಪಾಶ್ಚಾತ್ಯ ಸಂಗೀತಕ್ಕೆ ಅದೇ ಚಂದ. ನಾವು ತಂಬೂರಿಯ ಮುಂದೆ ಷಡ್ಜ ಹಚ್ಚುವಾಗ ಆ ಕಂಪನ ಸಲ್ಲದು. ವಿದ್ಯಾನಗರದವರು ಹೇಳಿದ ಅಲೆ ಇದೆಯಲ್ಲ, ತಂಬೂರಿಗೂ ಥೆರೆಮಿನ್‌ಗೂ ನಡುವೆ ಅದು ಎದ್ದರೆ ಹಿಂದಿನ ಸಾಲಿನ ಮಗುವಿಗೂ ಬೇಸೂರು ತಿಳಿಯುತ್ತದೆ. ಕಂಪನವಿಲ್ಲದೆ ಗಾಳಿಯಲ್ಲಿ ಕೈಯನ್ನು ಒಂದು ದೀರ್ಘ ಉಸಿರಿನಷ್ಟು ಹೊತ್ತು ನಿಲ್ಲಿಸಬಲ್ಲಿರಾ? ಅದಾದರೆ ಆಲಾಪಕ್ಕೆ (ತಾಳವಿಲ್ಲದೆ ರಾಗ ಬಿಡಿಸುವುದಕ್ಕೆ) ಕೂರೋಣ.

ವಿದ್ಯಾನಗರ_ಎಲೆಕ್ಟ್ರಾನಿಕ್ಸ್

ಅಕ್ಕಾವರೇ, ನೀವು ಕೇಳಿದ ಪ್ರಶ್ನೆಯೇ ನನ್ನ ರಿಯಾಜ್. ಬೆಳಿಗ್ಗೆ ತಂಬೂರಿ ಹಚ್ಚಿಕೊಂಡು ಷಡ್ಜ, ಪಂಚಮ, ಮತ್ತೆ ಷಡ್ಜ, ಅಷ್ಟೇ ಮಾಡುತ್ತೇನೆ. ನಿಂತು ನುಡಿಸಿದರೆ ಮೈ ತನಗೆ ಅರಿವಿಲ್ಲದೆ ತೂಗುತ್ತದೆ, ಉಸಿರಿಗೆ ಎದೆ ಉಬ್ಬಿದರೂ ಸ್ವರ ಸ್ವಲ್ಪ ಏರುತ್ತದೆ. ಎತ್ತರದ ಸ್ಟೂಲಿನ ಮೇಲೆ ಬೆನ್ನಿಗೆ ಆಸರೆ ಕೊಟ್ಟು ಕುಳಿತ ಮೇಲೆ ಮಂದ್ರ ಮತ್ತು ಮಧ್ಯ ಸಪ್ತಕ ಹತೋಟಿಗೆ ಬಂದಿವೆ. ತಾರ ಷಡ್ಜದ ಮೇಲೆ ಭರವಸೆ ಕೊಡಲಾರೆ. ತಾನ್ (ವೇಗದ ಸ್ವರಸಾಲು) ಕೇಳಲೇಬೇಡಿ.

ಆಂದೋಲನ ಬರುತ್ತದೆ. ಕೈಬೆರಳನ್ನಲ್ಲ, ಮಣಿಕಟ್ಟನ್ನು ನಿಧಾನವಾಗಿ ಮಡಿಸಿದರೆ ನೀವು ಹೇಳುವ ತೂಕ ಸಿಗುತ್ತದೆ. ನೀವು ಒಮ್ಮೆ ಬಂದು ಹಾಡಿ ತೋರಿಸಿದರೆ ಕೈಗೆ ದಾರಿ ತಿಳಿದೀತು.

ಸಪ್ತಾಪುರ_ಸಿತಾರ

ನನ್ನ ತಕರಾರು ಈಗ. ದರ್ಬಾರಿ ರಾತ್ರಿಯ ರಾಗ, ಬೈಠಕ್ ಸಂಜೆ ಆರಕ್ಕೆ ಎನ್ನುತ್ತೀರಿ. ಸಮಯ ತಪ್ಪಿಸಿ ನುಡಿಸಿದರೆ ಧಾರವಾಡದ ಹಿರಿಯರು ಎದ್ದು ಹೋಗುತ್ತಾರೆ. ಸಂಜೆಗೆ ಯಮನ್ ಇದೆ, ಪೂರಿಯಾ ಇದೆ. ಪೂರಿಯಾ ಮಂದ್ರದಲ್ಲೇ ಬಹಳ ಹೊತ್ತು ವಿಹರಿಸುತ್ತದೆ, ವಾದ್ಯದ ಹತೋಟಿಗೂ ಹೊಂದುತ್ತದೆ. ಅದರಲ್ಲಿ ಪಂಚಮ ವರ್ಜ್ಯ, ಬಳಸುವಂತಿಲ್ಲ, ಆದ್ದರಿಂದ ತಂಬೂರಿಯ ಮೊದಲ ತಂತಿಯನ್ನು ನಿಷಾದಕ್ಕೆ ಕೂಡಿಸಬೇಕು. ನನ್ನ ಮತ ಪೂರಿಯಾಗೆ. ಆಲಾಪ ಮಾತ್ರ, ತಬಲಾ ಬೇಡ. ಎಲೆಕ್ಟ್ರಾನಿಕ್ ತಂಬೂರಿ ತರಬೇಡಿ, ಅಸಲಿ ತಂಬೂರಿ ನಾನೇ ತಂದು ಕೂಡಿಸಿಕೊಡುತ್ತೇನೆ.

ಹಾವೇರಿ_ಪಿಟೀಲು

ಪೂರಿಯಾ ಸರಿ, ಆದರೆ ಬರೀ ಪೂರಿಯಾ ಆದರೆ ಕ್ಲಾರಾ ಎಲ್ಲಿ ಉಳಿದರು? ಮುದ್ರಿಕೆ ಕೇಳಿಸುವುದು ಒಂದು, ಎದುರಿಗೆ ಕುಳಿತು ನುಡಿಸುವುದು ಇನ್ನೊಂದು. 'ವೋಕಲೀಸ್' ಅನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಅದರಲ್ಲಿ ಸಾಹಿತ್ಯವಿಲ್ಲ, ಒಂದೇ ಸ್ವರಾಕ್ಷರದ ಮೇಲೆ ಹಾಡುವಂಥದ್ದು, ಆಲಾಪ ಕೇಳಿ ಬೆಳೆದವರಿಗೆ ಬೇಗ ಒಲಿಯುತ್ತದೆ. ಥೆರೆಮಿನ್‌ನಲ್ಲಿ ಆಗದಿದ್ದರೆ ಪಿಟೀಲಿನಲ್ಲಿ ನಾನೊಬ್ಬನೇ ನುಡಿಸುತ್ತೇನೆ. ಕೈ ಸೋತು ಅವರು ಕೆಳಗಿಟ್ಟ ವಾದ್ಯವದು, ಅವರ ನೆನಪಿನ ಸಭೆಯಲ್ಲಿ ಒಮ್ಮೆ ನುಡಿಯಲಿ.

ಗದಗ_ಹಾರ್ಮೋನಿಯಂ

ಪಿಟೀಲಿನವರ ಕೊನೆಯ ಮಾತಿಗೆ ನನ್ನ ಪೂರ್ಣ ಬೆಂಬಲ. ಪಿಯಾನೊ ಭಾಗವನ್ನು ಹಾರ್ಮೋನಿಯಂಗೆ ಇಳಿಸಿಕೊಳ್ಳುತ್ತೇನೆ, ಸ್ವರಲಿಪಿ ಕಳಿಸಿ. ಪೂರ್ತಿ ಬಾರದು, ಆಧಾರಸ್ವರಗಳು ಬರುತ್ತವೆ.

ಮಾಳಮಡ್ಡಿ_ಶ್ರೋತೃ

ಇಲ್ಲಿಯವರೆಗಿನ ಮಾತುಕತೆಯಿಂದ ಹೀಗೆ ಗೊತ್ತುಮಾಡಿದ್ದೇನೆ. ಮೊದಲು ಮುದ್ರಿಕೆಯಿಂದ 'ಹಂಸ' ಮತ್ತು ಇನ್ನೊಂದು ಕೃತಿ. ನಂತರ ಪಿಟೀಲು, ಹಾರ್ಮೋನಿಯಂನಲ್ಲಿ 'ವೋಕಲೀಸ್'. ಆಮೇಲೆ ಗದಗಿನ ಕಲಾವಿದರು ಒಪ್ಪಿದರೆ ಅವರ ಥೆರೆಮಿನ್. ಕೊನೆಗೆ ತಂಬೂರಿಯೊಂದಿಗೆ ಪೂರಿಯಾ ಆಲಾಪ, ಉಣಕಲ್ಲಿನ ಅಕ್ಕಾವರು ಒಂದು ಸುತ್ತು ಹಾಡಿದಂತೆ ಥೆರೆಮಿನ್ ಒಂದು ಸುತ್ತು. ಭಾಷಣ, ಸನ್ಮಾನ, ಶಾಲು ಹೊದಿಸುವುದು ಯಾವುದೂ ಇಲ್ಲ. ವಾದ್ಯದ ವಿವರಣೆಗೆ ಐದು ನಿಮಿಷ, ಅದೂ ಮುದ್ರಿಕೆ ಕೇಳಿಸಿದ ಮೇಲೆ. ಮೊದಲು ಕಿವಿಗೆ ಸಂಗೀತ ಬೀಳಲಿ.

ವಿದ್ಯಾನಗರ_ಎಲೆಕ್ಟ್ರಾನಿಕ್ಸ್

ಒಪ್ಪಿಗೆ. ಸಭಾಂಗಣ ಹುಡುಕುವವರಿಗೆ ನನ್ನ ಕಡೆಯಿಂದ ಕೆಲವು ವಿಷಯ. ಅರ್ಥಿಂಗ್ ಸರಿಯಾಗಿರುವ ಪ್ಲಗ್ ಪಾಯಿಂಟ್ ಬೇಕೇಬೇಕು, ಇಲ್ಲದಿದ್ದರೆ ಸ್ವರ ಅಲೆದಾಡುತ್ತದೆ. ಹಳೆಯ ಕಟ್ಟಡವಾದರೆ ನಾನೇ ಹಿಂದಿನ ದಿನ ಬಂದು ಪರೀಕ್ಷಿಸುತ್ತೇನೆ. ವೇದಿಕೆಯ ಮೇಲೆ ಕಬ್ಬಿಣದ ಕುರ್ಚಿ ಬೇಡ, ಮೈಕಿನ ಸ್ಟ್ಯಾಂಡ್ ಕಡ್ಡಿಯಿಂದ ದೂರವಿರಲಿ. ಮೇ ತಿಂಗಳು, ಸಂಜೆ ಗುಡುಗು ಮಳೆ ಬಂದರೆ ಹವೆಯ ತೇವ ಏರಿ ಶ್ರುತಿ ಸರಿಯುತ್ತದೆ, ಆಲಾಪಕ್ಕೆ ಮೊದಲು ಹೊಂದಿಸಿಕೊಳ್ಳಲು ಹತ್ತು ನಿಮಿಷ ಬಿಡುವು ಇಡಿ. ಮೊದಲ ಸಾಲಿಗೂ ವಾದ್ಯಕ್ಕೂ ನಡುವೆ ಎರಡು ಮೀಟರ್ ಖಾಲಿ ಜಾಗ.

ಸಪ್ತಾಪುರ_ಸಿತಾರ

ತಂಬೂರಿ ಯಾವ ಶ್ರುತಿಗೆ? ಅಕ್ಕಾವರ ಷಡ್ಜ ತಿಳಿಸಿದರೆ ತಂತಿ ಬದಲಿಸುವುದಿದ್ದರೆ ಈಗಲೇ ಬದಲಿಸುತ್ತೇನೆ. ಹೊಸ ತಂತಿ ಕೂರಲು ಸಮಯ ಬೇಕು.

ಉಣಕಲ್_ಗಾಯಕಿ

ಬಿಳಿ ಐದು, ಹಾರ್ಮೋನಿಯಂನ ಐದನೇ ಬಿಳಿ ಮನೆ. ಭಾನುವಾರ ವಿದ್ಯಾನಗರಕ್ಕೆ ಬರುತ್ತೇನೆ, ಮಂದ್ರ ನಿಷಾದದಿಂದ ಶುರು ಮಾಡೋಣ.